ಮುಖ ನೋಡಿ ಸೀರೆ ತೋರಿಸುವ ಶಂಭು

ಇಳಕಲ್ಲಿನ ಬಜಾರದಲ್ಲಿ ಸೀರೆ ಅಂಗಡಿಗಳಿಗೇನು ಕಡಿಮೆಯಿಲ್ಲ. ಅಂಗಡಿಗೊಬ್ಬ ಬಾಗಿಲಲ್ಲಿ ನಿಂತು, "ಬರ್ರಿ ಅಕ್ಕಾರ, ಒಳಗ ಬರ್ರಿ, ಬರೇ ನೋಡಿ ಹೋಗ್ರಿ" ಎಂದು ಕರೆಯುತ್ತಿರುತ್ತಾನೆ. ಹಣಮೇಶ ಸಾವಕಾರರ ಅಂಗಡಿಯ ಮುಂದೆ ಮಾತ್ರ ಹಾಗೆ ಕರೆಯುವವರು ಯಾರೂ ಇಲ್ಲ. ಹುನಗುಂದದಿಂದಲೋ ಬಾದಾಮಿಯಿಂದಲೋ ಮದುವೆಯ ಜವಳಿ ಬಸ್ತಾ ಕಟ್ಟಿಸಲು ಬಂದ ಹೆಂಗಸರು ಮೆಟ್ಟಿಲ ಮೇಲೆ ಚಪ್ಪಲಿ ಬಿಡುತ್ತಲೇ, "ಶಂಭಣ್ಣ ಅದಾನೇನ್ರಿ?" ಎಂದು ಕೇಳುತ್ತಾರೆ. ಇದ್ದರೆ ಒಳಗೆ ಬಂದು ಗಾದಿಯ ಮೇಲೆ ಕೂಡುತ್ತಾರೆ. ಊಟಕ್ಕೆ ಹೋಗಿದ್ದಾನೆ ಎಂದರೆ, "ಬರಲಿ ತಗೋರಿ, ಅಲ್ಲೀತನಕ ಭಜಿ ತಿಂದು ಬರ್ತೇವಿ" ಎಂದು ಎದುರಿನ ಗಾಡಿಯತ್ತ ನಡೆಯುತ್ತಾರೆ.

ಶಂಭು ನೋಡಲು ಅಂಥ ವಿಶೇಷದ ಮನುಷ್ಯನಲ್ಲ. ತಲೆಯಲ್ಲಿ ಬಿಳಿಗೂದಲು ಇಣುಕುತ್ತಿದೆ, ಹೊಟ್ಟೆ ತುಸು ಮುಂದೆ ಬಂದಿದೆ. ವರ್ಷವಿಡೀ ಬಿಳಿ ಅಂಗಿ ಹಾಕುತ್ತಾನೆ. ಅಂಗಡಿಯ ಮರ್ಯಾದೆಗೆಂದು ಹಾಗೆ ಹಾಕುತ್ತಾನೆ ಎಂದು ಜನ ತಿಳಿದಿದ್ದರು. ಬಂದವರನ್ನು ಅವನು "ಯಾವ ಬಣ್ಣ ಬೇಕ್ರಿ?" ಎಂದು ಕೇಳಿದ್ದೇ ಇಲ್ಲ. "ಯಾರಿಗ್ರಿ ಸೀರಿ? ಉಟಗೊಂಡು ಎಲ್ಲಿಗೆ ಹೋಗಾವ್ರು?" ಎಂದು ಕೇಳುತ್ತಾನೆ. ಆಮೇಲೆ ಒಂದೊಂದೇ ಸೀರೆಯ ಮಡಿಕೆ ಬಿಚ್ಚಿ ಗಾದಿಯ ಮೇಲೆ ಹಾಸುತ್ತ ಹೋಗುತ್ತಾನೆ. ಹಾಸುವಾಗ ಅವನ ಕಣ್ಣು ಸೀರೆಯ ಮೇಲಿರುವುದಿಲ್ಲ, ಎದುರು ಕುಳಿತವರ ಮುಖದ ಮೇಲಿರುತ್ತದೆ. ಸ್ವಲ್ಪ ಹೊತ್ತಿನಲ್ಲೇ ರಾಶಿಯಿಂದ ಒಂದನ್ನು ಎಳೆದು ಬದಿಗಿಟ್ಟು, "ನೀವು ಎಷ್ಟ ನೋಡಿದ್ರೂ ಕಡೀಕ ಇದನ್ನ ಒಯ್ಯಾವ್ರು ನೋಡ್ರಿ" ಎನ್ನುತ್ತಾನೆ. ಬಹಳ ಮಂದಿ ಅದನ್ನೇ ಒಯ್ಯುತ್ತಾರೆ.

ಇಂಥ ಶಂಭುವಿಗೆ ಕೆಂಪು ಯಾವುದು, ಹಸಿರು ಯಾವುದು ಎಂಬುದೇ ಕಾಣುತ್ತಿರಲಿಲ್ಲ ಎಂದರೆ ಊರಲ್ಲಿ ಯಾರೂ ನಂಬುತ್ತಿರಲಿಲ್ಲ. ಬಣ್ಣಗಳ ಹೆಸರೆಲ್ಲ ಬಾಯಿಪಾಠವಿತ್ತು. ಹಳದಿ ಕಾಣುತ್ತಿತ್ತು, ನೀಲಿ ಕಾಣುತ್ತಿತ್ತು, ಕಪ್ಪು ಬಿಳುಪು ಸರಿಯೇ. ಆದರೆ ಕೆಂಪು ಮತ್ತು ಹಸಿರು ಮಾತ್ರ ಅವಳಿ ಮಕ್ಕಳ ಹಾಗೆ ಒಂದೇ ಮಣ್ಣುಬಣ್ಣದಲ್ಲಿ ಬಂದು ಎದುರು ನಿಲ್ಲುತ್ತಿದ್ದವು. ಇಳಕಲ್ ಸೀರೆಯೆಂದರೆ ಸೆರಗಿನ ಕೆಂಪಿಲ್ಲದೆ ಆಗುವುದಿಲ್ಲ. ಅಂಥ ಊರಿನಲ್ಲಿ ಅಂಥ ಕಣ್ಣು ಹೊತ್ತು ಹುಟ್ಟಿದ್ದ.

ಅವನ ತಂದೆ ಅಮೀನಪ್ಪ ಕುಣಿಮಗ್ಗದಲ್ಲಿ ಕುಳಿತು ನೇಯುವವನು. ಮನೆ ತುಂಬ ನೂಲು. ಒಂದು ದಿನ ಸಾಲೆ ಬಿಟ್ಟು ಬಂದ ಮಗನಿಗೆ, "ಆ ಹಸರ ನೂಲ ಕೊಡ" ಎಂದು ಕೈಚಾಚಿದರೆ ಮಗ ಕೊಟ್ಟಿದ್ದು ಕೆಂಪು. ಅಮೀನಪ್ಪ ಯಾರದೋ ಜೊತೆ ಮಾತಾಡುತ್ತ ಅದನ್ನೇ ಲಾಳಿಗೆ ಹಾಕಿ ಗೇಣುದ್ದ ನೇಯ್ದು, ಆಮೇಲೆ ಬಗ್ಗಿ ನೋಡಿ ಹೌಹಾರಿದ.

"ಕಣ್ಣ ಎಲ್ಲಿಟ್ಟಿದ್ದಿಲೇ? ಹಸರ ಅಂದ್ರ ಕೆಂಪ ಕೊಡ್ತೀ! ಧ್ಯಾಸ ಅನ್ನೂದ ಇಲ್ಲ ಈ ಹುಡುಗಗ!"

"ಸಣ್ಣಾಂವ ಅದಾನ, ಬಿಡ್ರಿ. ನೀವರೆ ನೋಡಿ ಹಾಕಬಾರದಾ?" ಎಂದು ತಾಯಿ ರತ್ನಾಬಾಯಿ ನಡುವೆ ಬಂದಳು.

ಇದು ಒಂದು ಸಲಕ್ಕೆ ಮುಗಿಯಲಿಲ್ಲ. ಸಾಲೆಯಲ್ಲಿ ಗಿಳಿಗೆ ಕೆಂಪು ರೆಕ್ಕೆ ಬರೆದು ಇಡೀ ವರ್ಗವನ್ನು ನಗಿಸಿದ. ಶಂಭು ಅಪ್ಪನ ಮಾತನ್ನೇ ನಂಬಿದ್ದ. ತನಗೆ ಧ್ಯಾಸವಿಲ್ಲ, ಗಮನವಿಟ್ಟು ನೋಡುವುದಿಲ್ಲ, ಅದಕ್ಕೇ ತಪ್ಪುತ್ತದೆ. ಹಾಗೆಂದುಕೊಂಡು ನೂಲನ್ನು ಎಷ್ಟೋ ಹೊತ್ತು ದಿಟ್ಟಿಸಿ ನೋಡುತ್ತಿದ್ದ. ಕಣ್ಣಲ್ಲಿ ನೀರು ಬರುತ್ತಿತ್ತೇ ಹೊರತು ಬಣ್ಣ ಬರುತ್ತಿರಲಿಲ್ಲ. ಕೊನೆಗೆ ಅಮೀನಪ್ಪ, "ಇಂವಗ ಮಗ್ಗ ಹತ್ತೂದಿಲ್ಲ" ಎಂದು ತೀರ್ಮಾನಿಸಿ ಹಣಮೇಶ ಸಾವಕಾರರ ಅಂಗಡಿಯ ಕೆಲಸಕ್ಕೆ ಹಚ್ಚಿದ. ಬಣ್ಣ ತಿಳಿಯದವನನ್ನು ಬಣ್ಣದ ಮಡುವಿಗೇ ನೂಕಿದಂತಾಯಿತು.

ಅಂಗಡಿಯಲ್ಲಿ ಶಂಭು ಮೊದಲು ಮಾಡಿದ ಕೆಲಸ ಕಪಾಟುಗಳನ್ನು ಬಾಯಿಪಾಠ ಮಾಡಿದ್ದು. ಎಡಗೋಡೆಗೆ ಕೆಂಪು, ಬಲಗೋಡೆಗೆ ಹಸಿರು, ನಡುವೆ ಉಳಿದವು. ಕಪಾಟಿನಲ್ಲಿರುವ ತನಕ ಚಿಂತೆಯಿರಲಿಲ್ಲ. ಸೀರೆಗಳು ಗಾದಿಯ ಮೇಲೆ ಹರಡಿ ಒಂದರೊಳಗೊಂದು ಸೇರಿಕೊಂಡಾಗ ಫಜೀತಿ. "ಆ ಹಸರದ ತೋರಸ್ರಿ ಇನ್ನೊಮ್ಮೆ" ಎಂದರೆ ಯಾವುದನ್ನು ಎತ್ತುವುದು? ಆಗ ಅವನು ಕೇಳಿದವರ ಕಣ್ಣು ಎತ್ತ ಹರಿಯುತ್ತದೆ ಎಂದು ನೋಡಲು ಕಲಿತ. ಕಣ್ಣಿನ ಹಿಂದೆಯೇ ಕೈ ಹಾಕುತ್ತಿದ್ದ. ಹಾಗೆ ನೋಡುತ್ತ ನೋಡುತ್ತ ಮುಖಗಳಲ್ಲಿ ಬೇರೆಯದೇ ಒಂದು ಆಟ ನಡೆಯುವುದು ಅವನಿಗೆ ಕಾಣತೊಡಗಿತು.

ಬಸುರಿಗೆ ಮಾಡುವ ಕುಬಸದ ಶಾಸ್ತ್ರಕ್ಕೆಂದು ಹಸಿರು ಸೀರೆ ಬಿಚ್ಚಿದರೆ ಸುತ್ತ ಕೂತ ಹೆಂಗಸರ ದನಿ ತಾನಾಗಿ ತಗ್ಗುತ್ತಿತ್ತು. ಯಾರೋ ಒಬ್ಬಳು ಬಸುರಿಯ ಬೆನ್ನ ಮೇಲೆ ಕೈಯಿಡುತ್ತಿದ್ದಳು. ಕೆಂಪು ಬಿಚ್ಚಿದರೆ ಮುದುಕಿಯರು ಬೆನ್ನು ನೆಟ್ಟಗೆ ಮಾಡಿ, ತಮ್ಮ ಮದುವೆಯಲ್ಲಿ ಯಾರು ಯಾರು ಸಿಟ್ಟು ಮಾಡಿಕೊಂಡಿದ್ದರು ಎಂಬುದನ್ನು ಜೋರಾಗಿ ಹೇಳಲು ಶುರು ಮಾಡುತ್ತಿದ್ದರು. ಕರಿಯ ಚಂದ್ರಕಾಳಿ ಸೀರೆಗೆ ಹುಡುಗಿಯರ ಕೈ ಮೊದಲು ಹೋಗುತ್ತಿತ್ತು, ಅತ್ತೆಯರ ಹುಬ್ಬು ಆಮೇಲೆ ಏರುತ್ತಿತ್ತು. ಹಳದಿ ಅವನಿಗೇ ಕಾಣುತ್ತಿದ್ದುದರಿಂದ ಅದರ ಗುಣ ಸ್ವತಃ ಗೊತ್ತಿತ್ತು. ಮೋಡ ಮುಸುಕಿ ಗಿರಾಕಿಯಿಲ್ಲದ ದಿನ ಸುಮ್ಮನೆ ಒಂದು ಹಳದಿ ಸೀರೆ ಬಿಚ್ಚಿ ಎದುರಿಗೆ ಹಾಸಿಕೊಂಡು ಕೂಡುತ್ತಿದ್ದ.

ಹಾಗಂತ ಎಲ್ಲರಿಗೂ ಒಂದೇ ಲೆಕ್ಕ ನಡೆಯುತ್ತಿರಲಿಲ್ಲ. ಬಾಗಲಕೋಟೆಯಿಂದ ಬಂದ ಒಬ್ಬ ಹೆಂಗಸು ನಗುನಗುತ್ತ ಸೀರೆ ನೋಡುತ್ತಿದ್ದವಳು, ಒಂದು ನೀಲಿಯನ್ನು ಹಾಸಿದ ಕೂಡಲೇ ಸುಮ್ಮನಾದಳು. "ನಮ್ಮ ಹಳೇ ಮನಿ ಮ್ಯಾಲ ಈಗ ಇಂಥಾದ್ದ ನೀರ ನಿಂತೈತ್ರಿ" ಎಂದಳು. ಆಣೆಕಟ್ಟಿನ ಹಿನ್ನೀರು ನುಂಗಿದ ಓಣಿಯವಳು. ಶಂಭು ಆ ಸೀರೆಯನ್ನು ಮಡಿಚಿ ಹಿಂದಕ್ಕೆ ಸರಿಸಿದ, ಹಳದಿಯ ಕಟ್ಟು ಬಿಚ್ಚಿದ. ತುಸು ಹೊತ್ತಿಗೆ ಅವಳು ಮತ್ತೆ ಮಾತಿಗೆ ಬಂದಳು.

ಅವನ ಗುಟ್ಟು ಮೊದಲು ಹಿಡಿದವಳು ಹೆಂಡತಿ ಸುನಿತಾ. ಅಮೀನಗಡದ ಹುಡುಗಿ, ಕರದಂಟಿನ ಅಂಗಡಿಗಳ ನಡುವೆ ಬೆಳೆದವಳು, ಮಾತಿನಲ್ಲಿ ಚುರುಕು. ಮದುವೆಯಾದ ಹೊಸದರಲ್ಲಿ ಟೊಮ್ಯಾಟೋ ತರಲು ಕಳಿಸಿದರೆ ಗಂಡ ಚೀಲ ತುಂಬ ಕಾಯಿ ತಂದ. ಮರುವಾರವೂ ಕಾಯಿ.

"ಏನ್ರಿ ಇದು? ಹಣ್ಣ ತರ್ರಿ ಅಂದ್ರ ಬರೇ ಕಾಯಿ! ಬುದ್ಧ್ಯಾಪೂರ್ವಕ ಮಾಡಾಕತ್ತೀರೋ ಏನು?"

ಶಂಭು ಚೀಲ ಕೆಳಗಿಟ್ಟ. ಆಮೇಲೆ ಎಲ್ಲ ಹೇಳಿದ. ಸುನಿತಾ ನಂಬಲಿಲ್ಲ. ಹಸಿಮೆಣಸಿನಕಾಯಿ ಒಂದು, ಹಣ್ಣಾದದ್ದು ಒಂದು ತಂದು ಮುಂದೆ ಹಿಡಿದಳು. ಅವನು ತಪ್ಪು ಹೇಳಿದ. ಅವಳು ಎರಡನ್ನೂ ಬೆನ್ನ ಹಿಂದೆ ಅದಲುಬದಲು ಮಾಡಿ ಮತ್ತೆ ಹಿಡಿದಳು. ಅವನು ಮತ್ತೆ ತಪ್ಪಿದ. ಸುನಿತಾ ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟಳು. ನಗು ನಿಂತಮೇಲೆ, "ಅಲ್ರಿ, ಇಷ್ಟಕ್ಕ ನೀವು ಒಬ್ಬರ ಇಷ್ಟ ವರ್ಷ ಅಂಜಿಕೊಂಡು ಕುಂತಿದ್ರಿ?" ಎಂದು ಅವನ ತಲೆಯ ಮೇಲೆ ಮೆತ್ತಗೆ ಬಡಿದಳು. ಅಂದಿನಿಂದ ಟೊಮ್ಯಾಟೋ ತರುವ ಕೆಲಸ ಅವಳದಾಯಿತು. ಶಂಭುವಿನ ಬಿಳಿ ಅಂಗಿಗಳ ಅರ್ಥವೂ ಅವಳಿಗೆ ತಿಳಿಯಿತು.

ಹೀಗೆ ನಡೆದು ಬರುತ್ತಿದ್ದಾಗ ಈಚೆಗೆ ಒಂದು ವರ್ಷ ಬಜಾರದ ವ್ಯಾಪಾರಸ್ಥರೆಲ್ಲ ಸೇರಿ ಕಲ್ಯಾಣಮಂಟಪದಲ್ಲಿ ಕಣ್ಣಿನ ತಪಾಸಣೆ ಇಡಿಸಿದರು. ಹಣಮೇಶ ಸಾವಕಾರರು ತಮ್ಮ ಅಂಗಡಿಯವರನ್ನೆಲ್ಲ ಕರೆದುಕೊಂಡು ಹೊರಟರು. ಶಂಭು, "ನನ್ನ ಕಣ್ಣಿಗೇನ ಆಗೇತ್ರಿ, ದೂರದ ಬಸ್ಸಿನ ಬೋರ್ಡ ಓದ್ತೇನಿ" ಎಂದರೂ ಬಿಡಲಿಲ್ಲ. ಗೋಡೆಯ ಮೇಲಿನ ಅಕ್ಷರಗಳನ್ನು ಅವನು ಸಲೀಸಾಗಿ ಓದಿದ. ಆದರೆ ಹೊಸದಾಗಿ ಓದಿ ಬಂದ ಡಾಕ್ಟರ್ ಹುಡುಗಿ ಅಷ್ಟಕ್ಕೇ ಬಿಡದೆ ಒಂದು ಪುಸ್ತಕ ತೆರೆದಳು. ಹಾಳೆಯ ತುಂಬ ಬಣ್ಣದ ಚುಕ್ಕೆಗಳು.

"ಇದ್ರಾಗ ಯಾವ ಅಂಕಿ ಕಾಣತೈತಿ ಹೇಳ್ರಿ."

"ಅಂಕಿ ಎಲ್ಲೈತ್ರಿ? ಬರೇ ಚುಕ್ಕಿ ಅದಾವ."

ಹಿಂದೆ ಸಾಲಿನಲ್ಲಿ ನಿಂತವರು ಜೋರಾಗಿ ನಕ್ಕರು. ಶಂಭು ಚೇಷ್ಟೆಯ ಮನುಷ್ಯ, ಇದೂ ಚೇಷ್ಟೆ ಎಂದುಕೊಂಡರು. ಸಾವಕಾರರು ಹೆಗಲ ಮೇಲಿಂದ ಇಣುಕಿ, "ಏ, ಎಂಟ ಅಲ್ಲೇನೋ ಅದು! ಇಷ್ಟ ದಪ್ಪ ಕಾಣತೈತಿ" ಎಂದರು. ಡಾಕ್ಟರು ಹಾಳೆ ತಿರುವಿದಳು, ಮತ್ತೆ ತಿರುವಿದಳು. ಶಂಭುವಿಗೆ ಎಲ್ಲ ಹಾಳೆಯೂ ಒಂದೇ. ನಗು ನಿಧಾನಕ್ಕೆ ನಿಂತಿತು.

"ಇದು ಹುಟ್ಟಿನಿಂದ ಬಂದದ್ದರಿ. ಕೆಂಪು, ಹಸರ ಬ್ಯಾರೆ ಬ್ಯಾರೆ ಕಾಣೂದಿಲ್ಲ. ಇದು ರೋಗ ಅಲ್ಲ, ಅಂಜಬ್ಯಾಡ್ರಿ. ನೀವೇನ ಕೆಲಸ ಮಾಡ್ತೀರಿ?"

ಶಂಭು ಉತ್ತರ ಕೊಡುವ ಮೊದಲೇ ಹಿಂದಿನಿಂದ ಯಾರೋ, "ಸೀರಿ ಮಾರ್ತಾನ್ರಿ!" ಎಂದರು. ಈ ಸಲ ಮಂಟಪವೇ ಹಾರಿಹೋಗುವ ಹಾಗೆ ನಕ್ಕರು. ಡಾಕ್ಟರ್ ಹುಡುಗಿಯೂ ತುಟಿ ಕಚ್ಚಿಕೊಂಡಳು.

ಸಂಜೆಯ ಹೊತ್ತಿಗೆ ಸುದ್ದಿ ಬಸ್ ಸ್ಟ್ಯಾಂಡು ಮುಟ್ಟಿತ್ತು. ಬೆಳಗಾದ ಮೇಲೆ ಅಮೀನಪ್ಪ ಮಗನನ್ನು ಮಗ್ಗದ ಹತ್ತಿರ ಕರೆದು, ಎರಡು ನೂಲು ಎತ್ತಿ ಹಿಡಿದ.

"ಇದು ಹೆಂಗ ಕಾಣತೈತಿ ನಿನಗ?"

"ಗೋಣಿಚೀಲದ ಹಂಗ."

"ಇದು?"

"ಅದೂ ಹಂಗ ಯಪ್ಪಾ. ತುಸು ಕಪ್ಪ ಹೆಚ್ಚ."

ಮುದುಕ ಎರಡೂ ನೂಲನ್ನು ಬೆಳಕಿಗೆ ಹಿಡಿದು ತಾನೇ ಹೊಸದಾಗಿ ನೋಡಿದ. "ಅಂದ್ರ ನಾ ಬೈದದ್ದೆಲ್ಲಾ ಸುಳ್ಳಾತಲ್ಲೋ. ನಿನ್ನ ಧ್ಯಾಸ ಸರಿ ಇತ್ತು."

"ಬಿಡ ಯಪ್ಪಾ. ನೀ ಬೈದಿ ಅಂತ ಅಂಗಡಿ ಸೇರಿದೆ. ಇಲ್ಲಾಂದ್ರ ಈ ಕುಣ್ಯಾಗ ಕುಂತು ಇವತ್ತಿಗೂ ಬೈಸಿಕೊಳ್ತಿದ್ದೆ."

ಅಮೀನಪ್ಪನಿಗೆ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡ. ಶಂಭುವಿಗೆ ಅಂಗಡಿಗೆ ನಡೆದು ಹೋಗುವಾಗ ಮೈ ಹಗುರಾದಂತೆ ಅನ್ನಿಸಿತು. ತನ್ನದು ಹುಟ್ಟಿನಿಂದ ಬಂದ ಕಣ್ಣು, ಧ್ಯಾಸಗೇಡಿತನವಲ್ಲ. ಇಷ್ಟನ್ನು ಕೇಳಲು ಇಷ್ಟು ವರ್ಷ ಬೇಕಾಯಿತು.

ಅಂಗಡಿಯಲ್ಲಿ ಮಾತ್ರ ಹಗುರಿರಲಿಲ್ಲ. ಹಣಮೇಶ ಸಾವಕಾರರು ಅವನನ್ನು ಪಕ್ಕಕ್ಕೆ ಕರೆದು, ಮುಖ ಸಣ್ಣ ಮಾಡಿಕೊಂಡು ಹೇಳಿದರು: "ಶಂಭು, ನನಗ ನಿನ್ನ ಮ್ಯಾಲ ಸಿಟ್ಟಿಲ್ಲಪಾ. ಆದ್ರ ಮಂದಿ ಏನಂತಾರ? ಸ್ವಲ್ಪ ದಿನ ಮ್ಯಾಲಿನ ಖೋಲ್ಯಾಗ ಸೀರಿ ಘಡಿ ಹಾಕ್ಕೋತ ಇರು. ಮಾತು ತಣ್ಣಗಾಗಲಿ."

ಶಂಭು ಸೀರೆ ಮಡಿಚಲು ಮೇಲಿನ ಕೋಣೆಗೆ ಹೋದ. ಗಾದಿಯ ಮೇಲೆ ಸಾವಕಾರರ ತಂಗಿಯ ಮಗ ಸಚಿನ ಕೂತ. ಸಚಿನ ಒಳ್ಳೆಯ ಹುಡುಗ, ಕಣ್ಣು ಚುರುಕು, ಒಂದೇ ಹಸಿರಿನಲ್ಲಿ ಹತ್ತು ತರ ಹೇಳಬಲ್ಲವನು. ಯಾರು ಏನು ಕೇಳಿದರೂ ಥಟ್ಟನೆ ಎತ್ತಿ ಕೊಡುತ್ತಿದ್ದ. ಜನ ಬರುತ್ತಿದ್ದರು, ನೋಡುತ್ತಿದ್ದರು, "ಶಂಭಣ್ಣ ಎಲ್ಲಿ?" ಎನ್ನುತ್ತಿದ್ದರು. ಮೇಲಿನ ಖೋಲಿಯ ಕಿಟಕಿಯಿಂದ ಶಂಭು ಅವರ ತಲೆಗಳನ್ನಷ್ಟೇ ನೋಡುತ್ತಿದ್ದ. ಮುಖ ಕಾಣದೆ ಅವನಿಗೆ ಎಲ್ಲ ಸೀರೆಯೂ ಒಂದೇ ಆಗಿ, ಕೆಲಸ ಬೇಸರ ಬರತೊಡಗಿತು. ರಾತ್ರಿ ಊಟಕ್ಕೆ ಕೂತಾಗ, "ಸುನಿತಾ, ಗಿರಾಕಿ ಇಲ್ಲದ ಬಣ್ಣ ಅಂದ್ರ ಉಪ್ಪಿಲ್ಲದ ಸಾರು" ಎಂದ. "ನನ್ನ ಸಾರಿನ ಸುದ್ದಿಗೆ ಬರಬ್ಯಾಡ್ರಿ" ಎಂದಳು ಅವಳು.

ಒಂದು ದಿನ ಮಧ್ಯಾಹ್ನ ಕೆಳಗೆ ಜೋರು ಜೋರು ದನಿ ಕೇಳಿಸಿತು. ಕಲಾದಗಿಯಿಂದ ತಾಯಿ ಮಗಳು ಬಂದಿದ್ದರು. ತಾಯಿ ಜೈನಬಿ, ದಾಳಿಂಬೆ ತೋಟದವಳು. ಮಗಳು ಫರಹಾನಾಗೆ ಬಾಗಲಕೋಟೆಯ ದವಾಖಾನೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಮೊದಲ ಪಗಾರದಲ್ಲಿ ತಾಯಿಗೆ ಇಳಕಲ್ ಸೀರೆ ಕೊಡಿಸಲೇಬೇಕೆಂದು ಎಳೆದು ತಂದಿದ್ದಳು. ಜೈನಬಿಗೆ ಯಾವುದೂ ಬೇಡ. ಬೂದಿ ಬಣ್ಣ ತೋರಿಸಿದರೆ "ಮುದಿಕಿ ಮಾಡ್ತೀರೇನು", ಗುಲಾಬಿ ತೋರಿಸಿದರೆ "ಈ ವಯಸ್ಸಿಗೆ ಇದಾ", ಸುಮ್ಮನೆ "ಬ್ಯಾಡ, ಬ್ಯಾಡ, ನಡಿ ಮನಿಗೆ". ಫರಹಾನಾ ಅಳುವುದಷ್ಟೇ ಬಾಕಿ. ಸಚಿನ ಬೆವರಿದ್ದ. ಸಾವಕಾರರು ಮೇಲೆ ನೋಡಿ, ಒಂದು ಕ್ಷಣ ತಡೆದು, "ಶಂಭೂ, ಇಳದ ಬಾರಪಾ" ಎಂದು ಕೂಗಿದರು.

ಶಂಭು ಬಂದು ಗಾದಿಯ ಮೇಲೆ ಕೂತನೋ ಇಲ್ಲವೋ, ಜೈನಬಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಬಣ್ಣ ಕಾಣೂದಿಲ್ಲ ಅಂತಾರಲ್ಲ ಬಸ್ ಸ್ಟ್ಯಾಂಡಿನ್ಯಾಗ, ಅಂವ ನೀನ ಏನ ತಮ್ಮಾ?"

ಸಾವಕಾರರು ಕೆಮ್ಮಿದರು. ಶಂಭು ಒಮ್ಮೆ ಅವರತ್ತ, ಒಮ್ಮೆ ಅವಳತ್ತ ನೋಡಿದ. ಮುಚ್ಚಿಡಲು ಇನ್ನೇನು ಉಳಿದಿರಲಿಲ್ಲ.

"ನಾನ ರೀ ಅಮ್ಮಾರ. ಖರೆ ಐತಿ."

"ಹಂಗಾರ ಇದು ಹೆಂಗ ಕಾಣತೈತಿ?" ಎಂದು ಎದುರಿಗಿದ್ದ ದಾಳಿಂಬೆ ಕೆಂಪಿನ ಸೀರೆಯನ್ನು ಎತ್ತಿದಳು.

"ಗೋಣಿಚೀಲದ ಹಂಗ್ರಿ."

"ಹಾಯ್ ಅಲ್ಲಾ!" ಜೈನಬಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ತನ್ನ ಮನೆಯ ಮಗುವನ್ನೇ ಯಾರೋ ಹೀಗಳೆದಂತೆ ಸಿಟ್ಟು ಬಂತು. "ದಾಳಿಂಬ್ರಿ ಬಣ್ಣ ಗೋಣಿಚೀಲದ ಹಂಗಾ? ಕೇಳ ಇಲ್ಲೆ. ನಮ್ಮ ತ್ವಾಟದಾಗ ಹಣ್ಣ ಪೂರ್ತಿ ಆತಂದ್ರ ಗಿಡದ ಮ್ಯಾಲ ತಾನ ಬಿರಿತೈತಿ. ಮುಂಜಾನಿ ಇಬ್ಬನಿ ಇರತೈತಿ. ಆ ಬಿರಕಿನ್ಯಾಗ ಬಿಸಲ ಬಿತ್ತಂದ್ರ ಒಳಗಿನ ಕಾಳು ನಗಾಕತ್ತಿದಂಗ ಇರತಾವು. ನಾ ಲಗ್ನಾಗಿ ಬಂದಾಗ ಮೊದಲನೇ ಫಸಲು ಅದು. ಈಕಿ ಅಪ್ಪ ಒಂದ ಹಣ್ಣ ಮುರದು, ಯಾರಿಗೂ ಕಾಣದಂಗ ನನ್ನ ಸೆರಗಿಗೆ ಹಾಕಿದ್ರು. ಸೆರಗಿಗೆಲ್ಲ ಕಲಿ ಆತು. ಅತ್ತಿ ಬೈದ್ರು. ನಾ ಆ ಸೀರಿ ಒಗೀಲೇ ಇಲ್ಲ, ಎಷ್ಟೋ ದಿನ ಹಂಗ ಮಡಚಿ ಇಟ್ಟಿದ್ದೆ. ಅದು ಈ ಕೆಂಪ. ತಿಳೀತಾ?"

ಫರಹಾನಾ ತಾಯಿಯನ್ನು ಹಿಂದೆಂದೂ ನೋಡಿಲ್ಲದವಳ ಹಾಗೆ ನೋಡುತ್ತಿದ್ದಳು. "ಅಮ್ಮಾ, ನೀ ನನಗ ಇದನ್ನ ಯಾವತ್ತೂ ಹೇಳಿಲ್ಲಲ್ಲ?"

"ನೀ ಯಾವತ್ತ ಕೇಳಿದ್ದಿ?" ಎಂದಳು ಜೈನಬಿ. ಅವಳ ಕೆನ್ನೆ ಉಬ್ಬಿತ್ತು, ಕಣ್ಣು ಹೊಳೆಯುತ್ತಿತ್ತು, ಕೈ ಮಾತ್ರ ಸೀರೆಯನ್ನು ಬಿಟ್ಟಿರಲಿಲ್ಲ. ಅದನ್ನು ಅವಳೇ ಗಮನಿಸಿರಲಿಲ್ಲ, ಶಂಭು ಗಮನಿಸಿದ್ದ.

"ತಿಳೀತ್ರಿ ಅಮ್ಮಾರ. ಕಟ್ಟಲೇನ್ರಿ?"

ಜೈನಬಿ ತನ್ನ ಕೈಯನ್ನು ನೋಡಿಕೊಂಡಳು, ಮಗಳನ್ನು ನೋಡಿದಳು, ನಾಚಿ ನಕ್ಕುಬಿಟ್ಟಳು. "ಕಟ್ಟ ತಮ್ಮಾ" ಎಂದಳು.

ಅವರು ಹೋದ ಮೇಲೆ ಶಂಭು ಮೇಲಿನ ಖೋಲಿಗೆ ಹೋಗಲೆಂದು ಎದ್ದಾಗ ಹಣಮೇಶ ಸಾವಕಾರರು, "ಎಲ್ಲಿಗೆ ಹೊಂಟಿ? ಕುಂಡರು" ಎಂದರು. ಸಚಿನ ತಾನಾಗಿ ಪಕ್ಕಕ್ಕೆ ಸರಿದು ಜಾಗ ಬಿಟ್ಟ. "ಶಂಭು ಮಾಮಾ, ನೀವು ಮಂದೀ ಮುಖ ನೋಡ್ರಿ, ನಾ ಬಣ್ಣ ಎತ್ತಿಕೊಡ್ತೇನಿ" ಎಂದ. ಅಂದಿನಿಂದ ಇಬ್ಬರೂ ಜೋಡಿ.

ಈಗ ಶಂಭು ಮುಚ್ಚಿಡುವುದಿಲ್ಲ. "ನನಗ ಕೆಂಪು, ಹಸರು ಕಾಣೂದಿಲ್ರಿ. ಇದು ಹೆಂಗೈತಿ, ನೀವ ಹೇಳ್ರಿ" ಎಂದು ಗಿರಾಕಿಯನ್ನೇ ಕೇಳುತ್ತಾನೆ. ಮೊದಲು ಅವರು ನಗುತ್ತಾರೆ, ಆಮೇಲೆ ಯೋಚನೆಗೆ ಬೀಳುತ್ತಾರೆ. ಹಸಿರು ಹೇಗಿರುತ್ತದೆ ಎಂದು ಯಾರೂ ಅವರನ್ನು ಅದುವರೆಗೆ ಕೇಳಿರುವುದಿಲ್ಲ. ಬಾದಾಮಿಯ ಒಬ್ಬ ಟೀಚರು ಕೆಂಪು ಸೀರೆಯೊಂದನ್ನು ಹಿಡಿದು, ಸಂಜೆ ಕೆರೆಯ ದಂಡೆಯಲ್ಲಿ ನಿಂತರೆ ಗುಡ್ಡದ ಕಲ್ಲು ಒಳಗಿನಿಂದ ಬೆಚ್ಚಗಾದಂತೆ ಕಾಣುತ್ತದಲ್ಲ, ಹಾಗೆ ಎಂದಳು. ಅಕ್ಕತಂಗಿಯರಿಬ್ಬರು ಒಂದೇ ಕಡುಗೆಂಪು ಸೀರೆಗೆ ಜಗಳವಾಡಿದರು. ಅಕ್ಕನಿಗೆ ಅದು ಅಜ್ಜಿಯ ಕುಂಕುಮದ ಭರಣಿ, ತಂಗಿಗೆ ಬಾಣಂತನದಲ್ಲಿ ಕುಡಿದ ಕಹಿ ಟಾನಿಕ್ಕು. ಶಂಭು ಅಕ್ಕನಿಗೆ ಅದನ್ನೇ ಕಟ್ಟಿ, ತಂಗಿಯ ಮುಂದೆ ಬೇರೆ ಗಂಟು ಬಿಚ್ಚಿದ. ಮನೆಗೆ ಹೋಗಿ ಇವನ್ನೆಲ್ಲ ಸುನಿತಾಗೆ ಹೇಳುತ್ತಾನೆ. ಅವಳೂ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಾಳೆ.

ಮೊನ್ನೆ ಹುನಗುಂದದ ಬೀಗರ ದೊಡ್ಡ ದಂಡು ಬಂದಿತ್ತು. ಮದುಮಗಳು ಪ್ರಿಯದರ್ಶಿನಿಗೆ ಗಿಳಿಹಸಿರು ಮೆಚ್ಚುಗೆ, ಗಂಡಿನ ಕಡೆಯವರಿಗೆ ಅದು ಕಣ್ಣಿಗೆ ಹೊಡೆಯುವ ಬಣ್ಣ. ಮಾತಿಗೆ ಮಾತು ಬೆಳೆದು ಎಲ್ಲರೂ ಒಟ್ಟಿಗೆ ಶಂಭುವಿಗೆ ವಿವರಿಸಲು ಶುರು ಮಾಡಿದರು. ಒಬ್ಬಳು ಹುಣಸೆ ಚಿಗುರು ಎಂದಳು, ಒಬ್ಬಳು ಕೆರೆಯ ಪಾಚಿ ಎಂದಳು. ಮೂಲೆಯಲ್ಲಿ ಕೂತಿದ್ದ ಅಜ್ಜಿ ಶಿವಲಿಂಗವ್ವ ಕೈಯೆತ್ತಿದಳು.

"ನೀವೆಲ್ಲಾ ತುಸು ಸುಮ್ನಿರ್ರಿ. ಅಂವಗ ನಾ ಹೇಳ್ತೇನಿ."

ಎಲ್ಲರೂ ಸುಮ್ಮನಾದರು. ಅಜ್ಜಿ ಸೀರೆಯ ಅಂಚನ್ನು ತೊಡೆಯ ಮೇಲೆ ಎಳೆದುಕೊಂಡು, ಕಾಲು ಚಾಚಿ, ಆರಾಮಾಗಿ ಕೂತಳು. ಇದು ಬೇಗ ಮುಗಿಯುವ ಮಾತಲ್ಲ ಎಂದು ಶಂಭುವಿಗೆ ಅವಳ ಮುಖ ನೋಡಿಯೇ ತಿಳಿಯಿತು. ಬಾಗಿಲ ಕಡೆ ತಿರುಗಿ ಎಲ್ಲರಿಗೂ ಚಹಾ ಹೇಳಿದ.